ಭೂಕಂಪಕ್ಕೆ ಮುರಿದ ಚರ್ಚುಗಳನ್ನು ನೋಡುವ ಕ್ರಮ: ಆಂಟಿಗುವಾ ಗ್ವಾಟೆಮಾಲಾಕ್ಕೆ ಹೋಗುವವರಿಗೆ ಹಂತ ಹಂತದ ಮಾರ್ಗದರ್ಶಿ

ಮಧ್ಯ ಅಮೆರಿಕದ ಗ್ವಾಟೆಮಾಲಾದ ಹಳೆಯ ರಾಜಧಾನಿಯಾದ ಆಂಟಿಗುವಾಕ್ಕೆ ಹೋಗಿ ಬಂದವರಲ್ಲಿ ಹೆಚ್ಚಿನವರ ದೂರು ಒಂದೇ. ಮೊದಲ ಎರಡು ಚರ್ಚುಗಳು ಬೆರಗು ಹುಟ್ಟಿಸಿದವು, ಮೂರನೆಯದರಿಂದ ಮುಂದೆ ಎಲ್ಲವೂ ಮುರಿದ ಗೋಡೆಗಳಾಗಿಯೇ ಕಂಡವು, ಕಾಲು ಸೋತಿತು, ಟಿಕೆಟ್ ಹಣ ದಂಡವಾಯಿತು. ಇನ್ನು ಕೆಲವರು ಬಿರುಕು ಬಿಟ್ಟ ಕಮಾನಿನ ನೇರ ಕೆಳಗೆ ಕುಳಿತು ಬುತ್ತಿ ಬಿಚ್ಚಿರುವ ಚಿತ್ರ ಕಳಿಸುತ್ತಾರೆ. ಎರಡಕ್ಕೂ ಕಾರಣ ಒಂದೇ: ಕ್ರಮವಿಲ್ಲದೆ ನೋಡುವುದು. ಯಾವ ಕಟ್ಟಡವನ್ನು ಮೊದಲು ನೋಡಬೇಕು, ಒಳಗೆ ಹೋದ ಮೇಲೆ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬಾರದು ಎಂಬುದು ಗೊತ್ತಿದ್ದರೆ ಇದೇ ಊರು ಎರಡು ದಿನವೂ ಸಾಲದಷ್ಟು ಕೊಡುತ್ತದೆ.

ಇತಿಹಾಸದಲ್ಲಿ ಐದು ಇಸವಿಗಳು ಸಾಕು: 1717, 1751, 1773, 1776, 1976. ಮೊದಲ ಎರಡು ದೊಡ್ಡ ಕಂಪನಗಳ ನಂತರ ಊರು ದುರಸ್ತಿ ಮಾಡಿಕೊಂಡು ಮುಂದುವರಿಯಿತು. 1773ರ ಜುಲೈ 29ರ ಭೂಕಂಪದ ನಂತರ ಸ್ಪೇನಿನ ಆಡಳಿತ ರಾಜಧಾನಿಯನ್ನೇ ಬಿಟ್ಟು, 1776ರಲ್ಲಿ ಈಗಿನ ಗ್ವಾಟೆಮಾಲಾ ನಗರದ ಜಾಗಕ್ಕೆ ಹೋಯಿತು. 1976ರ ಫೆಬ್ರವರಿ 4ರಂದು 7.5 ತೀವ್ರತೆಯ ಕಂಪನ ಮತ್ತೆ ಬಂತು. ನೀವು ನೋಡುವ ಪ್ರತಿ ಗೋಡೆಯಲ್ಲೂ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಗಾಯಗಳಿರುತ್ತವೆ. ಅವನ್ನು ಬೇರ್ಪಡಿಸಿ ನೋಡುವುದೇ ಇಲ್ಲಿನ ಕೆಲಸ.

ಹಂತ 1: ಕಾಲ ಮತ್ತು ಹೊತ್ತನ್ನು ನಿರ್ಧರಿಸಿ

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ. ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ. ಮಳೆಗಾಲದಲ್ಲಿ ಹೋಗಲೇಬೇಕಾದರೆ ಅವಶೇಷಗಳನ್ನು ಬೆಳಗ್ಗೆಯೇ ಮುಗಿಸಿ, ಏಕೆಂದರೆ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಸುರಿಯುತ್ತದೆ. ನೆನೆದ ಇಟ್ಟಿಗೆ ಮತ್ತು ಪಾಚಿ ಹಿಡಿದ ಮೆಟ್ಟಿಲು ಇಲ್ಲಿ ಭೂಕಂಪಕ್ಕಿಂತ ಹೆಚ್ಚು ಜನರನ್ನು ಬೀಳಿಸುತ್ತವೆ ಎಂದೇ ನನ್ನ ಅಭಿಪ್ರಾಯ.

ಈಸ್ಟರ್ ಮುಂಚಿನ ಪವಿತ್ರ ವಾರದಲ್ಲಿ ಊರು ಮೆರವಣಿಗೆಗಳಿಂದ, ಬೀದಿಯ ಮೇಲೆ ಹಾಸುವ ಬಣ್ಣದ ಮರದ ಪುಡಿಯ ರತ್ನಗಂಬಳಿಗಳಿಂದ ತುಂಬಿರುತ್ತದೆ. ಅದು ನೋಡಲೇಬೇಕಾದ ಉತ್ಸವ. ಆದರೆ ಕಟ್ಟಡಗಳನ್ನು ಸಾವಧಾನವಾಗಿ ನೋಡುವ ಉದ್ದೇಶವಿದ್ದರೆ ಆ ವಾರ ಬೇಡ. ಬೀದಿಗಳು ಮುಚ್ಚಿರುತ್ತವೆ, ನಿಲ್ಲಲು ಜಾಗವಿರುವುದಿಲ್ಲ.

ಗ್ವಾಟೆಮಾಲಾ ನಗರದ ವಿಮಾನ ನಿಲ್ದಾಣದಿಂದ ಆಂಟಿಗುವಾ ಸುಮಾರು 40 ಕಿ.ಮೀ. ದೂರದಲ್ಲಿದೆ. ಸಂಚಾರ ದಟ್ಟಣೆಯಿದ್ದರೆ ಈ ದಾರಿ ಒಂದು ಗಂಟೆಯಲ್ಲಿ ಮುಗಿಯುವುದಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಹವೆ ತಂಪಾಗಿದ್ದರೂ ಬಿಸಿಲು ಚುರುಕು. ಬಂದಿಳಿದ ದಿನ ಅವಶೇಷಗಳಿಗೆ ಹೋಗದೆ ವಿಶ್ರಮಿಸಿ.

ಹಂತ 2: ಚೀಲ ಸಿದ್ಧಪಡಿಸಿಕೊಳ್ಳಿ

ಹಿಡಿತವಿರುವ ಅಟ್ಟೆಯ ಮುಚ್ಚಿದ ಶೂ ಮೊದಲ ಅಗತ್ಯ. ಬೀದಿಗಳೆಲ್ಲ ಉರುಟು ಕಲ್ಲಿನ ಹಾಸು, ಒಳಗೆ ಏರುಪೇರು ನೆಲ. ಚಪ್ಪಲಿಯಲ್ಲಿ ಹೊರಟವರು ಮಧ್ಯಾಹ್ನಕ್ಕೇ ಕೋಣೆಗೆ ಮರಳುತ್ತಾರೆ.

ಸಣ್ಣ ಟಾರ್ಚ್ ಬೇಕು. ಮೊಬೈಲ್ ಬೆಳಕು ನೆಲ ತೋರಿಸಲು ಸಾಕಾದರೂ ಚಾವಣಿಯ ಬಿರುಕು ತೋರಿಸಲು ಸಾಲದು. ಸಣ್ಣ ದುರ್ಬೀನು ಇದ್ದರೆ ಇನ್ನೂ ಒಳ್ಳೆಯದು: ಮುಖ್ಯವಾದದ್ದೆಲ್ಲ ತಲೆಯ ಮೇಲೆ ಎತ್ತರದಲ್ಲಿದೆ, ಹತ್ತಿರ ಹೋಗಬಾರದ ಜಾಗದಲ್ಲಿದೆ. ಟೋಪಿ, ನೀರು, ಮಳೆಕೋಟು, ಚಿಕ್ಕ ನೋಟುಪುಸ್ತಕ, ಆಫ್‌ಲೈನ್ ನಕ್ಷೆ ಇರಲಿ. ಪ್ರತಿ ಅವಶೇಷಕ್ಕೂ ಬೇರೆ ಬೇರೆ ಟಿಕೆಟ್, ವಿದೇಶಿಯರಿಗೆ ದರವೂ ಬೇರೆ. ಆದ್ದರಿಂದ ಸಣ್ಣ ಮೊತ್ತದ ಕೆತ್ಸಾಲ್ ನೋಟುಗಳನ್ನು ಇಟ್ಟುಕೊಳ್ಳಿ.

ಇನ್ನೊಂದು ಸಾಧನವನ್ನು ಯಾರೂ ಒಯ್ಯುವುದಿಲ್ಲ, ಒಯ್ದರೆ ಬಹಳ ಉಪಯೋಗ: ಒಂದು ಮೊಳ ದಾರ ಮತ್ತು ಅದರ ತುದಿಗೆ ಕಟ್ಟಲು ಒಂದು ಕೀಲಿಕೈ. ಗಾರೆ ಮೇಸ್ತ್ರಿಗಳ ತೂಗುಗುಂಡಿನ ತತ್ವವೇ ಇದು. ದೂರದಲ್ಲಿ ನಿಂತು, ದಾರವನ್ನು ಕಣ್ಣೆದುರು ಇಳಿಬಿಟ್ಟು ಗೋಡೆಯ ಅಂಚಿಗೆ ಹೊಂದಿಸಿದರೆ ಗೋಡೆ ಎತ್ತ ವಾಲಿದೆ ಎಂಬುದು ಆ ಕ್ಷಣವೇ ತಿಳಿಯುತ್ತದೆ. ಬರಿಗಣ್ಣಿಗೆ ನೇರವೆನಿಸಿದ ಗೋಡೆಗಳು ಹೊರಕ್ಕೆ ಬಾಗಿರುವುದನ್ನು ಇದು ತೋರಿಸಿಕೊಡುತ್ತದೆ.

ಟ್ರೈಪಾಡ್ ಮತ್ತು ಡ್ರೋನ್ ತರುವ ಮುನ್ನ ಅನುಮತಿ ವಿಚಾರಿಸಿ. ಕೇಳದೆ ಹಾರಿಸಬೇಡಿ.

ಹಂತ 3: ಬೀದಿಗಳ ಲೆಕ್ಕ ಕಲಿಯಿರಿ

ಊರು ಚದುರಂಗದ ಮಣೆಯಂತೆ ಚೌಕ ಚೌಕವಾಗಿದೆ. ಉತ್ತರ ದಕ್ಷಿಣಕ್ಕೆ ಹೋಗುವುದು ಅವೆನಿದಾ, ಪೂರ್ವ ಪಶ್ಚಿಮಕ್ಕೆ ಹೋಗುವುದು ಕಾಯೆ. ನಡುವಿನ ಉದ್ಯಾನ, ಅಂದರೆ ಪಾರ್ಕೆ ಸೆಂತ್ರಾಲ್, ಎಲ್ಲಕ್ಕೂ ಆಧಾರ. ಅಲ್ಲಿಂದ ಉತ್ತರಕ್ಕೆ ನೋರ್ತೆ, ದಕ್ಷಿಣಕ್ಕೆ ಸುರ್, ಪೂರ್ವಕ್ಕೆ ಓರಿಯೆಂತೆ, ಪಶ್ಚಿಮಕ್ಕೆ ಪೊನಿಯೆಂತೆ. ದಿಕ್ಕು ತಪ್ಪಿದರೆ ದಕ್ಷಿಣದಲ್ಲಿ ಎದ್ದು ಕಾಣುವ ಆಗ್ವಾ ಜ್ವಾಲಾಮುಖಿಯನ್ನು ಹುಡುಕಿ. ಮೋಡವಿಲ್ಲದಿದ್ದರೆ ಅದು ಯಾವ ಬೀದಿಯಿಂದಲೂ ಕಾಣುತ್ತದೆ.

ಐದು ಪದಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಪೆಲಿಗ್ರೊ ಎಂದರೆ ಅಪಾಯ. ನೊ ಪಾಸಾರ್ ಎಂದರೆ ಪ್ರವೇಶವಿಲ್ಲ. ಸೆರ್ರಾದೊ, ಮುಚ್ಚಿದೆ. ಸಾಲಿದಾ, ಹೊರದಾರಿ. ತೆಂಬ್ಲೊರ್, ಕಂಪನ. ಕೊನೆಯ ಪದವನ್ನು ಯಾರಾದರೂ ಕೂಗಿದರೆ ಅರ್ಥ ಹುಡುಕುತ್ತ ನಿಲ್ಲುವ ಹೊತ್ತಲ್ಲ ಅದು.

ಹಂತ 4: ಮುರಿಯದ ಚರ್ಚನ್ನು ಮೊದಲು ನೋಡಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಅತಿ ಭವ್ಯವಾದ ಅವಶೇಷಕ್ಕೆ ಮೊದಲು ಓಡುತ್ತಾರೆ. ಏನು ಹೋಗಿದೆ ಎಂದು ತಿಳಿಯದ ಕಣ್ಣಿಗೆ ಅಲ್ಲಿ ರಾಶಿಯಷ್ಟೇ ಕಾಣುತ್ತದೆ.

ಮೊದಲ ಬೆಳಗ್ಗೆ ಲಾ ಮರ್ಸೆದ್‌ಗೆ ಹೋಗಿ. ಹಳದಿ ಗೋಡೆಯ ಮೇಲೆ ಬಿಳಿ ಗಾರೆಯ ಬಳ್ಳಿ, ಎಲೆ, ಕಂಬಗಳ ಅಲಂಕಾರವಿರುವ ಈ ಚರ್ಚ್ 1767ರಲ್ಲಿ ಮುಗಿಯಿತು. ಆರು ವರ್ಷದ ನಂತರ ಊರೆಲ್ಲ ಕುಸಿದಾಗ ಇದು ನಿಂತಿತು. ಹಿಂದಿನ ಕಂಪನಗಳಿಂದ ಪಾಠ ಕಲಿತು ಕಟ್ಟಿದ ಕಟ್ಟಡವಿದು. ಗಂಟೆಗೋಪುರಗಳು ಕುಳ್ಳಾಗಿ ಅಗಲವಾಗಿವೆ, ಗೋಡೆಗಳು ಬಹಳ ದಪ್ಪ, ಕಿಟಕಿಗಳು ಚಿಕ್ಕವು, ಮತ್ತು ಎತ್ತರದಲ್ಲಿವೆ. ಒಳಗೆ ನಿಂತು ಗುಮ್ಮಟದಿಂದ ಕಮಾನಿಗೆ, ಕಮಾನಿನಿಂದ ಗೋಡೆಗೆ ಭಾರ ಹೇಗೆ ಇಳಿಯುತ್ತದೆ ಎಂದು ನೋಡಿ. ನಾಲ್ಕು ಕಮಾನುಗಳ ನಡುವಿನ ಮೂಲೆಗಳಲ್ಲಿ ಬಾಗಿದ ತ್ರಿಕೋನ ಭಾಗಗಳಿವೆಯಲ್ಲ, ಗುಮ್ಮಟ ಕೂರುವುದು ಅವುಗಳ ಮೇಲೆ. ಅವನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಿ. ಬೇರೆ ಕಡೆ ಗುಮ್ಮಟ ಹೋಗಿ ಈ ತ್ರಿಕೋನಗಳಷ್ಟೇ ಉಳಿದಿರುತ್ತವೆ.

ಪಕ್ಕದ ಸನ್ಯಾಸಿ ಮಠದ ಅವಶೇಷಕ್ಕೆ ಬೇರೆ ಟಿಕೆಟ್. ಅಂಗಳದ ನಡುವೆ ಸುಮಾರು 27 ಮೀಟರ್ ವ್ಯಾಸದ ಕಾರಂಜಿಯಿದೆ. ಮೇಲಿನ ಮಹಡಿಗೆ ಹತ್ತಿದರೆ ಚಾವಣಿಯ ಗುಮ್ಮಟಗಳನ್ನು ಹೊರಗಿನಿಂದ ಕಾಣಬಹುದು. ಹೀಗೆ ಒಂದೇ ಬೆಳಗ್ಗೆ ಇಡೀ ಚರ್ಚ್ ಮತ್ತು ಮುರಿದ ಮಠ ಎರಡನ್ನೂ ಹೋಲಿಸಿ ನೋಡಿದಂತಾಗುತ್ತದೆ.

ಇದು ಪೂಜೆ ನಡೆಯುವ ಸ್ಥಳ. ಪ್ರಾರ್ಥನೆ ಸಾಗುತ್ತಿದ್ದರೆ ಹಿಂದೆ ಕುಳಿತು ಕಾಯಿರಿ. ಟೋಪಿ ತೆಗೆಯಿರಿ, ಫ್ಲ್ಯಾಶ್ ಹಾಕಬೇಡಿ.

ಹಂತ 5: ಒಳಗೆ ಕಾಲಿಟ್ಟ ಮೇಲೆ ಕಣ್ಣಿನ ಕ್ರಮ

ಪ್ರತಿ ಅವಶೇಷದಲ್ಲೂ ಇದೇ ಕ್ರಮ ಅನುಸರಿಸಿ. ಕ್ಯಾಮೆರಾ ಚೀಲದಲ್ಲೇ ಇರಲಿ.

ಮೊದಲು ತೆರೆದ ಜಾಗದ ನಡುವೆ ನಿಲ್ಲಿ. ಗೋಡೆಗಳಿಂದ ದೂರವಿರುವ ಅಂಗಳವಾದರೆ ಉತ್ತಮ. ಅಲ್ಲಿಂದ ಹೊರದಾರಿ ಎಲ್ಲಿದೆ, ಅತಿ ವಿಶಾಲವಾದ ಬಯಲು ಎಲ್ಲಿದೆ ಎಂದು ಗುರುತಿಸಿ. ಇದು ಸುರಕ್ಷತೆಗೂ ಬೇಕು, ಕಟ್ಟಡದ ನಕ್ಷೆ ತಲೆಯಲ್ಲಿ ಮೂಡುವುದಕ್ಕೂ ಬೇಕು.

ಎರಡನೆಯದು ನೆಲ. ಬಿದ್ದ ತುಂಡುಗಳು ಎಲ್ಲಿವೆ, ಯಾವ ಆಕಾರದಲ್ಲಿವೆ? ಒಂದು ಬದಿ ಬಾಗಿದ್ದರೆ ಅದು ಕಮಾನಿನದೋ ಚಾವಣಿಯದೋ ತುಂಡು. ಚಪ್ಪಟೆಯಾಗಿ ಗಾರೆ ಬಳಿದಿದ್ದರೆ ಗೋಡೆಯದು. ತುಂಡು ಬಿದ್ದ ಜಾಗದ ನೇರ ಮೇಲಕ್ಕೆ ನೋಡಿದರೆ ಅದು ಬಿಟ್ಟುಹೋದ ಖಾಲಿ ಜಾಗ ಹಲವು ಬಾರಿ ಸಿಗುತ್ತದೆ.

ಮೂರನೆಯದು ಗೋಡೆ. ದಾರ ಇಳಿಬಿಟ್ಟು ವಾಲಿಕೆ ನೋಡಿ, ನಂತರ ಬಿರುಕುಗಳನ್ನು ಓದಿ. ಗುಣಿಸು ಚಿಹ್ನೆಯಂತೆ ಓರೆಯಾಗಿ ದಾಟುವ ಬಿರುಕುಗಳು ಗೋಡೆ ತನ್ನ ಉದ್ದಕ್ಕೆ ಹಿಂದೆ ಮುಂದೆ ಎಳೆದಾಡಿಸಿಕೊಂಡದ್ದನ್ನು ಹೇಳುತ್ತವೆ. ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ನೇರ ಬಿರುಕು, ಎರಡು ಗೋಡೆಗಳು ಒಂದನ್ನೊಂದು ಬಿಟ್ಟು ಸರಿದ ಗುರುತು.

ಕೊನೆಯದು ಮೇಲ್ಭಾಗ. ಕಮಾನು ತನ್ನ ಭಾರವನ್ನು ಕೆಳಕ್ಕಷ್ಟೇ ಅಲ್ಲ, ಎರಡೂ ಪಕ್ಕಗಳಿಗೂ ತಳ್ಳುತ್ತದೆ. ಕಂಪನದಲ್ಲಿ ಪಕ್ಕದ ಗೋಡೆಗಳು ಹೊರಕ್ಕೆ ಸರಿದರೆ ಕಮಾನಿನ ಬಾಯಿ ತೆರೆಯುತ್ತದೆ, ನೆತ್ತಿಯ ಇಟ್ಟಿಗೆಗಳು ಹಿಡಿತ ಕಳೆದುಕೊಳ್ಳುತ್ತವೆ, ನಡುಭಾಗ ಉದುರುತ್ತದೆ. ಆದ್ದರಿಂದಲೇ ಆಂಟಿಗುವಾದ ಹಲವು ಚರ್ಚುಗಳಲ್ಲಿ ದಪ್ಪನೆಯ ಮುಂಭಾಗ ನಿಂತಿದೆ, ಅಗಲವಾದ ಸಭಾಂಗಣದ ಚಾವಣಿ ಹೋಗಿದೆ.

ಹಾಸನದ ಶೆಟ್ಟಿಹಳ್ಳಿಯ ಚರ್ಚನ್ನು ನೋಡಿದವರು ಅದೇ ಅಭ್ಯಾಸವನ್ನು ಇಲ್ಲಿಗೆ ತರಬಾರದು. ಹೇಮಾವತಿಯ ಹಿನ್ನೀರು ಅದನ್ನು ತಳದಿಂದ ನೆನೆಸಿ ಸವೆಸಿದೆ, ಆದ್ದರಿಂದ ಅಲ್ಲಿ ಬುಡವನ್ನು ಮೊದಲು ನೋಡಬೇಕು. ಭೂಕಂಪ ಮೇಲಿನ ಭಾರವನ್ನು ಮೊದಲು ಕೆಡವುತ್ತದೆ. ಇಲ್ಲಿ ನಿಮ್ಮ ಎಚ್ಚರವೆಲ್ಲ ತಲೆಯ ಮೇಲಿರಬೇಕು.

ಹಂತ 6: ಯಾರು ಮುರಿದರು ಎಂದು ಕೇಳಿ

ಕಾಣೆಯಾದದ್ದೆಲ್ಲ ಭೂಕಂಪಕ್ಕೆ ಬಿದ್ದದ್ದಲ್ಲ. ರಾಜಧಾನಿ ಸ್ಥಳಾಂತರವಾದಾಗ ಹೊಸ ಊರು ಕಟ್ಟಲು ಇಲ್ಲಿನ ಬಾಗಿಲು, ಮರ, ಕಲ್ಲು, ಅಲಂಕಾರಗಳನ್ನು ಸಾಗಿಸಲಾಯಿತು. ನಂತರ ಊರಿನಲ್ಲಿ ಉಳಿದವರೂ ಬೇಕಾದದ್ದನ್ನು ಬಳಸಿಕೊಂಡರು. ಮುರಿದ ಅಂಚು ಒರಟಾಗಿ ಹರಿದಂತಿದ್ದರೆ ಕಂಪನ ಎಂದು ಊಹಿಸಬಹುದು. ಕಂಬದ ಹೊದಿಕೆಕಲ್ಲು ಅಚ್ಚುಕಟ್ಟಾಗಿ ಕಳಚಿಹೋಗಿ ಒಳಗಿನ ಇಟ್ಟಿಗೆ ಮಾತ್ರ ಉಳಿದಿದ್ದರೆ, ಬಾಗಿಲ ಚೌಕಟ್ಟಿನ ಜಾಗ ಚೌಕಾಕಾರವಾಗಿ ಖಾಲಿಯಿದ್ದರೆ, ಅದು ಮನುಷ್ಯರ ಕೈ.

ಮೂರನೆಯ ಪದರ ದುರಸ್ತಿ. ಒಂದೇ ಅಳತೆಯ ಹೊಸ ಇಟ್ಟಿಗೆ, ಸಮನಾದ ಗಾರೆ, ಗೋಡೆಯಿಂದ ಇಣುಕುವ ಕಬ್ಬಿಣದ ಸರಳು, ಕಾಂಕ್ರೀಟಿನ ತೊಲೆ ಕಂಡರೆ ಅದು ಇಪ್ಪತ್ತನೆಯ ಶತಮಾನದ ಅಥವಾ ನಂತರದ ಕೆಲಸ. ಊರಿನ ರಕ್ಷಣೆಗೆಂದೇ 1969ರ ಕಾನೂನಿನಿಂದ ಒಂದು ರಾಷ್ಟ್ರೀಯ ಮಂಡಳಿ ಸ್ಥಾಪನೆಯಾಗಿದೆ. 1979ರಲ್ಲಿ ಊರು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡರೆ ಸಂತರ ಕಥೆ ಕೇಳುವುದರ ಜೊತೆಗೆ ಎರಡು ಪ್ರಶ್ನೆ ಹಾಕಿ: ಇದರಲ್ಲಿ 1976ರಲ್ಲಿ ಬಿದ್ದದ್ದು ಯಾವುದು? ಹೊಸದಾಗಿ ಕಟ್ಟಿದ್ದು ಯಾವುದು? ಉತ್ತರ ಹೇಳಬಲ್ಲವರು ಸಿಕ್ಕರೆ ಆ ದಿನ ಅವರನ್ನು ಬಿಡಬೇಡಿ.

ಹಂತ 7: ನೋಡುವ ಸರದಿ

ಮೊದಲ ದಿನ ಲಾ ಮರ್ಸೆದ್‌ನಿಂದ ಪೂರ್ವಕ್ಕೆ ನಡೆದು ಲಾಸ್ ಕಾಪುಚಿನಾಸ್ ಕನ್ಯಾಮಠಕ್ಕೆ ಹೋಗಿ. 1736ರಲ್ಲಿ ಪ್ರತಿಷ್ಠಾಪನೆಯಾದ ಇದು ದಿಯೆಗೊ ದೆ ಪೊರ್ರೆಸ್ ಎಂಬ ವಾಸ್ತುಶಿಲ್ಪಿಯ ಕೆಲಸ. ಪಡಸಾಲೆಯ ಕುಳ್ಳ, ದಪ್ಪ ಕಂಬಗಳನ್ನು ಗಮನಿಸಿ. 1717ರ ಭಯವನ್ನು ಅರಿತು ಕಟ್ಟಿದ ಕಂಬಗಳವು. ಹಿಂಭಾಗದ ವೃತ್ತಾಕಾರದ ಕಟ್ಟಡದಲ್ಲಿ ದುಂಡನೆಯ ಅಂಗಳದ ಸುತ್ತ 18 ಕೋಣೆಗಳಿವೆ. ಅದರ ಕೆಳಗಿನ ನೆಲಮಾಳಿಗೆಯಲ್ಲಿ ನಡುವೆ ಒಂದೇ ಭಾರಿ ಕಂಬ. ಅಲ್ಲಿ ಮೆಲ್ಲನೆ ಆಡಿದ ಮಾತೂ ಗುಂಯ್‌ಗುಡುತ್ತದೆ. ಇಳಿಯುವಾಗ ಟಾರ್ಚ್ ಹಿಡಿಯಿರಿ, ತಲೆ ತಗ್ಗಿಸಿ.

ಅದೇ ಮಧ್ಯಾಹ್ನ ಹಳೆಯ ಕ್ಯಾಥೆಡ್ರಲ್. ಇಲ್ಲಿ ಜನ ತಪ್ಪುವುದು ಬಾಗಿಲಿನಲ್ಲಿ. ಉದ್ಯಾನಕ್ಕೆ ಮುಖ ಮಾಡಿರುವ ಬಿಳಿ ಕಟ್ಟಡ ಈಗಿನ ಸಾನ್ ಹೋಸೆ ಚರ್ಚ್, ಅದು ಹಳೆಯ ಕ್ಯಾಥೆಡ್ರಲ್‌ನ ಮುಂಭಾಗದಲ್ಲಿ ಮಾತ್ರ ಇದೆ. ಅಷ್ಟನ್ನೇ ನೋಡಿ ಹಲವರು ಮರಳುತ್ತಾರೆ. ಅವಶೇಷ ಅದರ ಹಿಂದಿದೆ, ದಾರಿ ಪಕ್ಕದ ಐದನೆಯ ಕಾಯೆ ಓರಿಯೆಂತೆಯಿಂದ. 1680ರಲ್ಲಿ ಉದ್ಘಾಟನೆಯಾದ ಆ ವಿಸ್ತಾರದಲ್ಲಿ ಈಗ ಗುಮ್ಮಟಗಳಿದ್ದಲ್ಲಿ ದುಂಡನೆಯ ಆಕಾಶ. ಬೆಳಗ್ಗೆ ಗುರುತಿಟ್ಟುಕೊಂಡ ಆ ಮೂಲೆಯ ತ್ರಿಕೋನಗಳನ್ನು ಇಲ್ಲಿ ಹುಡುಕಿ: ಗಾರೆಯಲ್ಲಿ ಮಾಡಿದ ದೇವದೂತರು ಇನ್ನೂ ಅವುಗಳ ಮೇಲಿದ್ದಾರೆ. ದುರ್ಬೀನು ಹೊತ್ತು ತಂದದ್ದು ಇದಕ್ಕಾಗಿ. ನೆಲದಡಿಯ ಸಮಾಧಿ ಕೋಣೆಗಳಿಗೆ ಮೆಟ್ಟಿಲಿದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಮೊದಲ ಮೆಟ್ಟಿಲಲ್ಲೇ ನಿಲ್ಲಿ. ಒಳಗೆ ಯಾರಾದರೂ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತಿದ್ದರೆ ಚಿತ್ರ ತೆಗೆಯದೆ ಮೇಲೆ ಬನ್ನಿ.

ಎರಡನೆಯ ದಿನದ ಬೆಳಗ್ಗೆಯನ್ನು ಪೂರ್ತಿ ಲಾ ರೆಕೊಲೆಕ್ಸಿಯೋನ್ ಚರ್ಚಿನ ಅವಶೇಷಕ್ಕೆ ಮೀಸಲಿಡಿ. ಊರಿನ ಪಶ್ಚಿಮ ಅಂಚಿನಲ್ಲಿ, ಮಾರುಕಟ್ಟೆ ಮತ್ತು ಬಸ್ ನಿಲ್ದಾಣದ ಆಚೆ ಇದೆ. ದೂರವೆಂದು ಹೆಚ್ಚಿನವರು ಬಿಡುತ್ತಾರೆ, ನನ್ನ ಮಟ್ಟಿಗೆ ಇಡೀ ಊರಿನಲ್ಲಿ ಬಿಡಲೇಬಾರದ ಜಾಗ ಇದೊಂದೇ. 1717ರಲ್ಲಿ ಉದ್ಘಾಟನೆಯಾಯಿತು, ಅದೇ ವರ್ಷ ಕಂಪನಕ್ಕೆ ಸಿಕ್ಕಿತು. ದುರಸ್ತಿಯಾಗಿ ನಿಂತದ್ದನ್ನು 1773 ಕೆಡವಿತು, ಉಳಿದದ್ದರಲ್ಲಿ 1976 ಇನ್ನಷ್ಟನ್ನು ಬೀಳಿಸಿತು. ಚಾವಣಿಯ ತುಂಡುಗಳು, ಕೆಲವು ಆಳೆತ್ತರಕ್ಕೂ ಮಿಗಿಲಾದವು, ಬಿದ್ದಲ್ಲೇ ಮಲಗಿವೆ. ಬೇರೆ ಕಡೆ ನೆಲ ಗುಡಿಸಿ ಹುಲ್ಲು ಬೆಳೆಸಿದ್ದಾರೆ, ಇಲ್ಲಿ ಭೂಕಂಪದ ಕೆಲಸ ಕಣ್ಣೆದುರೇ ಇದೆ. ಹಂತ 5ರ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ತುಂಡುಗಳ ಮೇಲೆ ಹತ್ತಬೇಡಿ. ಸುಣ್ಣದ ಗಾರೆ ಹಿಡಿದ ಇಟ್ಟಿಗೆಯ ಅಂಚು ಕಾಲಿಟ್ಟಷ್ಟಕ್ಕೇ ಪುಡಿಯಾಗುತ್ತದೆ, ಮತ್ತೆ ಯಾರೂ ಅದನ್ನು ಜೋಡಿಸಲಾರರು.

ಅಲ್ಲಿಂದ ಊರು ದಾಟಿ ಸಾಂತಾ ಕ್ಲಾರಾಕ್ಕೆ. ಚರ್ಚಿನ ಅಲಂಕೃತ ಮುಂಭಾಗ ಬೀದಿಗೆ ಕಾಣುವುದಿಲ್ಲ, ಒಳಗಿದೆ. ಹೊರಗಿನ ಮೊಂಡು ಗೋಡೆ ನೋಡಿ ಏನೂ ಇಲ್ಲವೆಂದು ತಿರುಗಬೇಡಿ. ಎರಡು ಅಂತಸ್ತಿನ ಕಮಾನುಗಳ ಅಂಗಳದಲ್ಲಿ ಕಾರಂಜಿಯಿದೆ, ಊಟದ ನಂತರದ ಹೊತ್ತಿಗೆ ಇದು ತಂಪಾದ ಜಾಗ. ಕೊನೆಗೆ ಹತ್ತಿರದ ಸಾನ್ ಫ್ರಾನ್ಸಿಸ್ಕೊ. ಚರ್ಚನ್ನು 1960ರ ದಶಕದಲ್ಲಿ ಮರುನಿರ್ಮಿಸಿದ್ದಾರೆ, ಮಠ ಮುರಿದೇ ಇದೆ. ಒಂದೇ ಆವರಣದಲ್ಲಿ ಮರುನಿರ್ಮಾಣ ಮತ್ತು ಸಂರಕ್ಷಣೆ ಎರಡನ್ನೂ ಅಕ್ಕಪಕ್ಕ ನೋಡಬಹುದು. 2002ರಲ್ಲಿ ಸಂತಪದವಿ ಪಡೆದ ಎರ್ಮಾನೊ ಪೆದ್ರೊ ಅವರ ಸಮಾಧಿ ಇಲ್ಲಿರುವುದರಿಂದ ಕಾಯಿಲೆಯವರ ಕುಟುಂಬಗಳು ಹರಕೆ ಹೊತ್ತು ಬರುತ್ತವೆ. ಅವರಿಗೆ ದಾರಿ ಬಿಡಿ.

ಹಂತ 8: ಅಪಾಯದ ಗುರುತುಗಳು

ಅಡ್ಡಕಟ್ಟಿದ ಹಗ್ಗ, ಮರದ ಆಸರೆ, ಫಲಕ ಇವೆಲ್ಲ ಎಲ್ಲರಿಗೂ ಕಾಣುತ್ತವೆ. ಕಾಣದವು ಬೇರೆ.

ನೆಲದ ಮೇಲೆ ಬಿಳಿಯ ಅಥವಾ ಕೆಂಪಿನ ಹೊಸ ಪುಡಿ ಕಂಡರೆ ಅಲ್ಲಿಂದ ತಕ್ಷಣ ಸರಿಯಿರಿ. ಮೇಲೆ ಗಾರೆ ಸಡಿಲವಾಗುತ್ತಿದೆ. ಬಿದ್ದ ಇಟ್ಟಿಗೆಯ ಮುರಿದ ಮುಖ ಕಪ್ಪಾಗಿ, ಪಾಚಿ ಹಿಡಿದಿದ್ದರೆ ಹಳೆಯದು. ಮುಖ ಕೆಂಪಾಗಿ ಹೊಳೆಯುತ್ತಿದ್ದರೆ ಇತ್ತೀಚೆಗೆ ಬಿದ್ದದ್ದು. ಬಿರುಕಿನ ಅಂಚಿಗೂ ಇದೇ ಪರೀಕ್ಷೆ ಸಲ್ಲುತ್ತದೆ: ಸವೆದು ದುಂಡಾದ ಅಂಚು ಹಳೆಯದು, ಚೂಪಾದ ಶುಭ್ರ ಅಂಚು ಹೊಸದು.

ಬಿರುಕಿಗೆ ಅಡ್ಡಲಾಗಿ ಗಾಜಿನ ಅಥವಾ ಗಾರೆಯ ಪಟ್ಟಿ ಅಂಟಿಸಿದ್ದರೆ ಅದು ಗೋಡೆ ಚಲಿಸುತ್ತಿದೆಯೇ ಎಂದು ತಿಳಿಯಲು ಎಂಜಿನಿಯರ್‌ಗಳು ಇಟ್ಟದ್ದು. ಆ ಪಟ್ಟಿ ಸೀಳಿದ್ದರೆ ಗೋಡೆ ಸರಿದಿದೆ. ಸಿಬ್ಬಂದಿಗೆ ತೋರಿಸಿ, ಮುಟ್ಟಬೇಡಿ. ಬಿರುಕಿನಿಂದ ದಪ್ಪ ಬೇರು ಹೊರಬಂದಿದ್ದರೆ, ಮಳೆ ನಿಂತ ಮೇಲೂ ಕಮಾನಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಒಳಗಿನ ಗಾರೆ ಕರಗುತ್ತಿದೆ ಎಂದು ಅರ್ಥ. ಎತ್ತರದ ಬಿರುಕುಗಳಲ್ಲಿ ಜೇನುಗೂಡು ಕಂಡರೂ ದೂರವಿರಿ.

ನೆರಳು ಬೇಕಾದಾಗ ಎಲ್ಲರೂ ಮಾಡುವ ತಪ್ಪು ಒಂಟಿಯಾಗಿ ನಿಂತ ಕಮಾನಿನ ಕೆಳಗೆ ಕೂರುವುದು. ಅಕ್ಕಪಕ್ಕದ ಗೋಡೆ ಹೋಗಿ ಒಂದೇ ಉಳಿದ ಕಮಾನು ಇಡೀ ಅವಶೇಷದಲ್ಲಿ ಅತಿ ದುರ್ಬಲವಾದದ್ದು, ಅದನ್ನು ಪಕ್ಕದಿಂದ ಹಿಡಿದಿಡುವವರು ಯಾರೂ ಇಲ್ಲ. ಅಂಗಳದ ಮರದಡಿ ಕುಳಿತುಕೊಳ್ಳಿ.

ಹಂತ 9: ನೆಲ ಅಲುಗಿದರೆ

ಗ್ವಾಟೆಮಾಲಾ ಉತ್ತರ ಅಮೆರಿಕ, ಕೆರಿಬಿಯನ್ ಮತ್ತು ಕೋಕೋಸ್ ಭೂಫಲಕಗಳು ಸೇರುವಲ್ಲಿದೆ. ಸಣ್ಣ ಕಂಪನಗಳು ಅಲ್ಲಿ ಅಪರೂಪವಲ್ಲ.

ಅಂಗಳದಲ್ಲಿದ್ದರೆ ಗೋಡೆಗಳಿಂದ ದೂರ, ನಡುವಿಗೆ ಹೋಗಿ ಕುಕ್ಕರಿಸಿ, ಚೀಲವನ್ನು ತಲೆಯ ಮೇಲೆ ಹಿಡಿಯಿರಿ. ಗೋಡೆಯ ಎತ್ತರದಷ್ಟಾದರೂ ಅಂತರವಿರಲಿ. ಚಾವಣಿಯ ಕೆಳಗಿದ್ದು ಬಯಲು ನಾಲ್ಕೈದು ಹೆಜ್ಜೆಯಲ್ಲಿದ್ದರೆ ಹೊರಬನ್ನಿ. ದೂರವಿದ್ದರೆ ಓಡಬೇಡಿ, ಅಲ್ಲೇ ತಗ್ಗಿ ತಲೆ ಕತ್ತು ಮುಚ್ಚಿಕೊಳ್ಳಿ. ಬಾಗಿಲ ಚೌಕಟ್ಟಿನಲ್ಲಿ ನಿಲ್ಲಬೇಕೆಂಬ ಹಳೆಯ ಸಲಹೆಯನ್ನು ಮರೆತುಬಿಡಿ: ಇಲ್ಲಿನ ಬಾಗಿಲ ಮೇಲೆ ಇರುವುದು ಸಡಿಲವಾದ ಕಲ್ಲು. ಅಲುಗಾಟ ನಿಂತ ಮೇಲೆ ಮರೆತ ಟೋಪಿಗಾಗಿಯೂ ಒಳಗೆ ಹೋಗಬೇಡಿ. ಮರುಕಂಪನಗಳು ಮೊದಲೇ ಸಡಿಲವಾದದ್ದನ್ನು ಬೀಳಿಸುತ್ತವೆ.

ಪಕ್ಕದ ಫ್ಯುಯೆಗೊ ಜ್ವಾಲಾಮುಖಿ ಆಗಾಗ ಹೊಗೆ ಬೂದಿ ಕಾರುತ್ತದೆ. ಪ್ರತಿ ಬೆಳಗ್ಗೆ ಕೊನ್ರೆದ್ ಎಂಬ ವಿಪತ್ತು ನಿರ್ವಹಣಾ ಸಂಸ್ಥೆಯ ಪ್ರಕಟಣೆ ನೋಡಿ ಹೊರಡಿ.

ಹಂತ 10: ಬಾಗಿಲು ಮುಚ್ಚಿದ್ದರೆ

ದುರಸ್ತಿಗೆಂದು ಯಾವ ಅವಶೇಷವೂ ಮುನ್ಸೂಚನೆಯಿಲ್ಲದೆ ಮುಚ್ಚಬಹುದು. ಕಾವಲುಗಾರನನ್ನು ಒತ್ತಾಯಿಸಬೇಡಿ, ಹಣ ಕೊಟ್ಟು ಒಳಹೋಗುವ ಯತ್ನವಂತೂ ಬೇಡವೇ ಬೇಡ: ಮುಚ್ಚಿರುವುದಕ್ಕೆ ಸಾಮಾನ್ಯವಾಗಿ ಏನೋ ಬಿದ್ದಿರುವುದೇ ಕಾರಣ. ಬದಲಿಗೆ ಎಲ್ ಕಾರ್ಮೆನ್ ಚರ್ಚಿನ ಅವಶೇಷಕ್ಕೆ ಹೋಗಿ. ಜೋಡಿ ಜೋಡಿಯಾಗಿ ನಿಂತ ಕಂಬಗಳ ಅದರ ಮುಂಭಾಗವನ್ನು ಬೀದಿಯಲ್ಲಿ ನಿಂತೇ ನೋಡಬಹುದು. ಅಥವಾ ಹಳೆಯ ಜೆಸ್ಯುಯಿಟ್ ಆವರಣಕ್ಕೆ ಹೋಗಿ. ಸ್ಪೇನ್ ಸರ್ಕಾರದ ಸಹಕಾರದಿಂದ ಅದು ಈಗ ಸಾಂಸ್ಕೃತಿಕ ಕೇಂದ್ರವಾಗಿದೆ. ಮುರಿದ ಚರ್ಚಿನ ಪಕ್ಕದಲ್ಲೇ ದುರಸ್ತಿಯಾದ ಅಂಗಳದಲ್ಲಿ ಕುಳಿತು ನೋಟುಪುಸ್ತಕ ತುಂಬಿಸಬಹುದು.